ಲವಂಗ ಚುಚ್ಚಿದ ಕಡಬು

ದುಮ್ಮವಾಡ
ರವಿವಾರ, ೧೬ ನವೆಂಬರ್ ೨೦೨೫

ಗೌರೀಶ ಅವರಿಗೆ ಶರಣು.

ಹೆಸರು ಬರೆದೇಬಿಟ್ಟೆ ನೋಡಿ. ನಿಶ್ಚಯವಾದ ದಿನದಿಂದ ಅವ್ವ ಬೆನ್ನು ಹತ್ತಿದ್ದಳು, ಗಂಡ ಆಗುವವರ ಹೆಸರು ಹಿಡಿಯಬಾರದು ಎಂದು. ಈಗ ಆ ಅಡ್ಡಿ ಇಲ್ಲ. ಮದುವೆ ಬೇಡ ಎಂದು ನೀವು ಸಿದ್ದರಾಮ ಕಾಕಾನ ಕೈಯಲ್ಲಿ ಹೇಳಿ ಕಳಿಸಿ ಇವತ್ತಿಗೆ ಹನ್ನೊಂದು ದಿನ. ಕಾಕಾ ನಮ್ಮ ಪಡಸಾಲೆಯಲ್ಲಿ ಕೂತು, ಕೊಟ್ಟ ಚಹಾ ಮುಟ್ಟದೆ, ನಿಮ್ಮ ಅಪ್ಪನ ತಮ್ಮನಾಗಿ ಹೇಳುವುದನ್ನು ಹೇಳಿ ಎದ್ದು ಹೋದರು. ಅವರು ಹೋದ ಮೇಲೆ ಅವ್ವ ಅತ್ತಳು. ನಾನು ಆ ಚಹಾ ಕುಡಿದೆ.

ಪತ್ರದ ಮೊದಲಿಗೆ ನಾವು ಕ್ಷೇಮ ಎಂದು ಬರೆಯಬೇಕು. ಮಕ್ಕಳಿಗೆ ನಾನೇ ಹಾಗೆ ಕಲಿಸುತ್ತೇನೆ. ಇಲ್ಲಿ ಬರೆಯಲಾರೆ. ಮೊಬೈಲಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ. ಪತ್ರವನ್ನು ಹಾಗೆ ಮಾಡಲು ಬರುವುದಿಲ್ಲ, ಹರಿಯಬೇಕಾಗುತ್ತದೆ. ಹರಿಯುವುದೇ ಇದ್ದರೆ ಕೊನೆಯವರೆಗೆ ಓದಿ ಹರಿಯಿರಿ. ಇಷ್ಟು ನಡೆಸಿಕೊಡಿ, ಮತ್ತೇನೂ ಕೇಳುವುದಿಲ್ಲ.

ಗುರುವಾರ ನಿಮ್ಮ ತಾಯಿ ಫೋನ್ ಮಾಡಿದ್ದರು. ಅವರನ್ನು ಅತ್ತೆ ಎನ್ನುವ ಹಕ್ಕು ನನಗೆ ಈಗ ಇಲ್ಲ, ಆದರೆ ಸುಶೀಲವ್ವ ಎಂದು ಕರೆಯಲು ನಾಲಗೆ ಹೊರಳುವುದಿಲ್ಲ. ನೀವು ನವಲಗುಂದದ ಗ್ಯಾರೇಜಿನ ಬಾಗಿಲು ತೆಗೆದಿಲ್ಲವಂತೆ. ರಿಪೇರಿಗೆ ಬಂದ ಎರಡು ಟ್ರ್ಯಾಕ್ಟರ್ ಹೊರಗೇ ನಿಂತಿವೆಯಂತೆ. ಮುಂಜಾನೆ ಎದ್ದು ಹೊಲಕ್ಕೆ ಹೋದರೆ ಸಂಜೆವರೆಗೂ ಬಾವಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂಡುತ್ತೀರಂತೆ. "ಊಟ ಬಿಟ್ಟಾನವ್ವ, ಮಾತೂ ಬಿಟ್ಟಾನ. ಬಾಯಿ ಬಿಟ್ಟರ ಒಂದ ಮಾತು. ಅಪ್ಪನ್ನ ನಾನ ಕೊಂದೆ, ನಾ ಹೇಳಿದ್ದು ಕೇಳಿ ಅವನ ಎದಿ ಒಡೀತು ಅಂತಾನ. ಏನು ಹೇಳಿದ್ಯೋ ಅಂದರ ಹೇಳವೊಲ್ಲ. ನಿನಗೇನರ ಗೊತ್ತೈತೇನ ಬೇ?" ಎಂದು ಕೇಳಿದರು. "ನನಗೇನೂ ಗೊತ್ತಿಲ್ರಿ ಅತ್ತಿ" ಎಂದೆ. ಅಷ್ಟು ಸುಲಭವಾಗಿ ಆ ಸುಳ್ಳು ಬಂತು.

ಅದಕ್ಕೇ ಈ ಪತ್ರ. ನಿಮ್ಮ ಅಪ್ಪನನ್ನು ನೀವು ಕೊಂದಿಲ್ಲ. ಸೀಗೆ ಹುಣ್ಣಿಮೆಯ ಹಿಂದಿನ ದಿನ ನೀವು ಅವರಿಗೆ ಹೇಳಿದ ಮಾತಿಗೂ ಅವರು ಹೋದದ್ದಕ್ಕೂ ಸಂಬಂಧವಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ನನಗೆ ಗೊತ್ತಿರುವುದರಿಂದ ಹೇಳುತ್ತಿದ್ದೇನೆ. ಹೇಗೆ ಗೊತ್ತು ಎಂದು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು. ತಡ ಮಾಡುತ್ತಿದ್ದಾಳೆ ಎಂದು ನಿಮಗೆ ಅನ್ನಿಸಿದರೆ, ಹೌದು, ಮಾಡುತ್ತಿದ್ದೇನೆ.

ಆ ಸಿನಿಮಾ ನೆನಪಿದೆಯೇ? ಜೂನಿನಲ್ಲಿ, ನಿಮ್ಮ ಹೊಲದಲ್ಲಿ ಹೆಸರುಕಾಳಿನ ಬಿತ್ತನೆ ಮುಗಿದ ಮೇಲೆ, ಹುಬ್ಬಳ್ಳಿಯಲ್ಲಿ ನೋಡಿದ್ದು. ಯಾವ ಸಿನಿಮಾ ಎಂದು ನೀವು ಕೇಳಲಿಲ್ಲ, ಆರಿಸಿದವಳು ನಾನು. ಹಿಂದಿ ಕಲಿಸುವವಳಲ್ಲವೇ, ನನ್ನ ಜಾಣತನ ತೋರಿಸಬೇಕಿತ್ತು. ನಗೆಯ ಚಿತ್ರ, ನಿಶ್ಚಯವಾದ ಜೋಡಿಯ ಕಥೆ ಎಂದಷ್ಟೇ ಗೊತ್ತಿತ್ತು. ಆ ಹುಡುಗನಿಗೆ ಹುಡುಗಿಯ ಹತ್ತಿರ ಹೋದಾಗ ಆಗಬೇಕಾದದ್ದು ಆಗುವುದಿಲ್ಲ ಎಂಬುದೇ ಇಡೀ ಕಥೆ ಎಂದು ಒಳಗೆ ಕೂತ ಮೇಲೆ ತಿಳಿಯಿತು. ಥಿಯೇಟರ್ ತುಂಬ ನಗು. ಅವರ ಹಿಂದಿ ನಮ್ಮ ಸಂತೆಯ ಹಿಂದಿಯ ಹಾಗಲ್ಲ, ಬಹಳ ಬಿರುಸು. ನಿಮಗೆ ಅರ್ಧ ತಿಳಿಯುತ್ತಿರಲಿಲ್ಲ. ನಾನು ಒಂದೊಂದು ಜೋಕನ್ನೂ ನಿಮ್ಮ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದೆ. ಮೊದಲು ಎಲ್ಲರಿಗಿಂತ ಸ್ವಲ್ಪ ತಡವಾಗಿ ನಕ್ಕಿರಿ. ಆಮೇಲೆ ನಗಲಿಲ್ಲ. ನನ್ನ ಅನುವಾದ ಸರಿ ಬರಲಿಲ್ಲವೇನೋ ಎಂದು ಇನ್ನೂ ಬಿಡಿಸಿ ಬಿಡಿಸಿ ಹೇಳಿದೆ.

ಮದುವೆಗೆ ಮೊದಲೇ ನಿಮ್ಮ ಬಗ್ಗೆ ನಿಮಗೆ ಆ ಹೆದರಿಕೆ ಇತ್ತು ಎಂದು ನನಗೆ ಹೇಗೆ ಗೊತ್ತಾಗಬೇಕು? ಮೂರು ಗಂಟೆ ನಿಮ್ಮ ಕಿವಿಗೆ ಬಾಯಿಟ್ಟು ನಿಮ್ಮನ್ನೇ ಆಡಿಕೊಂಡಿದ್ದೇನೆ. ಹೊರಗೆ ಬಂದ ಮೇಲೆ ಗಿರಮಿಟ್ ತಿನ್ನೂಣ್ರಿ ಎಂದೆ. ಹಸಿವಿಲ್ಲ ಎಂದಿರಿ.

ಆ ಸಿನಿಮಾದಿಂದ ನಾನು ಎರಡು ಪಾಠ ಕಲಿತೆ. ಕಲಿಯುವುದರಲ್ಲಿ ನಾನು ಯಾವಾಗಲೂ ಮುಂದೆ.

ಮೊದಲನೆಯದು ಪಂಚಮಿಯ ದಿನ. ನಿಮ್ಮ ಮನೆಯಿಂದ ಉಂಡಿಯ ಬುಟ್ಟಿ ತಂದಿದ್ದಿರಿ. ಅವ್ವ ಓಣಿಯ ಹೆಂಗಸರ ಜೊತೆ ಜೋಕಾಲಿಗೆಂದು ಹುಣಸೆಮರದ ಕಡೆ ಹೋದಳು. ಬೇಕೆಂದೇ ಹೋದಳು, ಅವಳಿಗೂ ಒಂದು ಕಾಲದಲ್ಲಿ ಮದುವೆ ಆಗಿತ್ತಲ್ಲ. ಆ ಒಂದು ತಾಸಿನಲ್ಲಿ ನಡೆದದ್ದನ್ನು, ಅಥವಾ ನಡೆಯದೆ ಹೋದದ್ದನ್ನು ನಾನು ಬರೆಯಬೇಕಿಲ್ಲ. ನಿಮ್ಮ ಕೈಯ, ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗದ ಗ್ರೀಸಿನ ವಾಸನೆ ನನಗೆ ಇಷ್ಟವಿತ್ತು, ಅದನ್ನು ಆಗ ಹೇಳಬೇಕಿತ್ತು. ಹೇಳಲಿಲ್ಲ. ನೀವು ಎದ್ದು ಗೋಡೆಯ ಕಡೆ ಮುಖ ಮಾಡಿ ಕೂತಿರಿ. ನಾನು ನಕ್ಕೆ.

ಯಾಕೆ ನಕ್ಕೆ ಎಂದು ನೀವು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಸಿನಿಮಾದಲ್ಲಿ ಆ ಹುಡುಗಿ ಹಾಗೆ ನಗುತ್ತಾಳೆ, ಹುಡುಗನೂ ನಗುತ್ತಾನೆ, ಇಬ್ಬರೂ ಹಾಸಿಗೆಯ ಮೇಲೆ ಬಿದ್ದು ಹೊರಳಾಡಿ ನಗುತ್ತಾರೆ, ಮನಸ್ಸು ಹಗುರಾಗುತ್ತದೆ. ನೀವೂ ನಗುತ್ತೀರಿ ಎಂದುಕೊಂಡೆ. ನೀವು ಅಂಗಿ ಹಾಕಿಕೊಂಡು ಗುಂಡಿ ತಪ್ಪಾಗಿ ಸೇರಿಸಿದಿರಿ, ಮತ್ತೆ ಬಿಚ್ಚಿ ಸೇರಿಸಿದಿರಿ. "ನನಗ ಹಿಂಗ ಆಗತದ ಅಂತ ಮೊದಲಿಂದ ಅಂಜಿಕಿ ಇತ್ತು. ಯಾರ ಮುಂದೂ ಅನಬ್ಯಾಡ" ಎಂದಿರಿ. ಗಾಡಿ ಹತ್ತಿ ಹೋದಿರಿ. ಅಂದಿನಿಂದ ನನ್ನ ಫೋನ್ ಎತ್ತುವುದು ಕಡಿಮೆಯಾಯಿತು. ಗ್ಯಾರೇಜಿನಲ್ಲಿ ಕೆಲಸ ಬಹಳ ಎಂದಿರಿ. ಶ್ರಾವಣ ಹೋಯಿತು, ಗಣಪತಿ ಹಬ್ಬವೂ ಹೋಯಿತು. ಡಾಕ್ಟರ ಹತ್ತಿರ ಹೋಗೂಣು ಎಂದು ನಾನು ಮೆಸೇಜ್ ಹಾಕಿದರೆ ಮೂರು ದಿನ ಉತ್ತರವೇ ಇರಲಿಲ್ಲ.

ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ. ನಿಮಗಾಗಿ ಮರುಗಿದೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಅರ್ಧಕ್ಕರ್ಧ ಸಿಟ್ಟೇ ಇತ್ತು. ಡಿಸೆಂಬರಿನಲ್ಲಿ ಮದುವೆ, ಅವ್ವ ಸೀರೆ ಆರಿಸುತ್ತಿದ್ದಾಳೆ, ಇವರು ನನ್ನನ್ನು ನೋಡಿದರೆ ಓಡುತ್ತಾರೆ. ಯಾರಿಗಾದರೂ ಹೇಳೋಣವೆಂದರೆ ಆಣೆ ಹಾಕಿಸದಿದ್ದರೂ ಮಾತು ತೆಗೆದುಕೊಂಡಿದ್ದೀರಿ. ಹಾಗಾದರೆ ಇದನ್ನು ನಾನೇ ಸರಿ ಮಾಡುತ್ತೇನೆ ಎಂದುಕೊಂಡೆ. ಆಗ ಎರಡನೆಯ ಪಾಠ ನೆನಪಾಯಿತು.

ನಿಮಗೂ ನೆನಪಾಗಿರಬಹುದು. ಸಿನಿಮಾದ ಆ ಹುಡುಗಿ ಔಷಧವನ್ನು ಲಾಡುವಿನಲ್ಲಿ ಬೆರೆಸುತ್ತಾಳೆ.

ಇವತ್ತಿಗೆ ಇಷ್ಟು ಸಾಕು. ಅವ್ವ ಎರಡು ಸಲ ಬಂದು, ಏನು ಅಷ್ಟು ಬರೀತಿ ಎಂದು ಕೇಳಿ ಹೋದಳು. ಪ್ರಶ್ನೆಪತ್ರಿಕೆ ಎಂದಿದ್ದೇನೆ.

ಸೋಮವಾರ, ಶಾಲೆಯಲ್ಲಿ

ಏಳನೆಯ ತರಗತಿಗೆ ಬರೆಯಲು ಕೊಟ್ಟು ಕೂತಿದ್ದೇನೆ. ಮಕ್ಕಳ ಗದ್ದಲದ ನಡುವೆ ಬರೆಯುವುದು ಸುಲಭ, ಒಬ್ಬಳೇ ಇದ್ದರೆ ಕೈ ನಿಲ್ಲುತ್ತದೆ.

ಕಲಘಟಗಿ ರಸ್ತೆಯ ಬದಿಗೆ ಗುಡಾರ ಹಾಕಿಕೊಂಡು ಬೇರು ನಾರು ಮಾರುವವರು ಇರುತ್ತಾರಲ್ಲ, ಗಾಜಿನ ಬರಣಿಗಳನ್ನು ಸಾಲಾಗಿ ಇಟ್ಟುಕೊಂಡು. ಸೀಗೆ ಹುಣ್ಣಿಮೆಗೆ ಎಂಟು ದಿನ ಇರುವಾಗ ಅಲ್ಲಿಗೆ ಹೋದೆ. ಮುಖಕ್ಕೆ ಓಢಣಿ ಕಟ್ಟಿಕೊಂಡಿದ್ದೆ. ಬಳೆ ಅಂಗಡಿಯಿಂದ ಕರಿಮಣಿಯ ಸರ ತಂದು ಕೊರಳಿಗೆ ಹಾಕಿಕೊಂಡಿದ್ದೆ, ಮದುವೆಯಾದವಳು ಎಂದು ಕಾಣಲಿ ಎಂದು. ಮೊದಲ ಸಲ ನಿಮ್ಮ ಹೆಸರಿನಲ್ಲಿ ಕರಿಮಣಿ ಹಾಕಿಕೊಂಡದ್ದು ಅಲ್ಲಿಗೆ ಹೋಗಲು. ಅವನು ಹೆಚ್ಚೇನೂ ಕೇಳಲಿಲ್ಲ. ಯಜಮಾನರ ವಯಸ್ಸೆಷ್ಟು ಎಂದ, ಮೂವತ್ತು ಎಂದೆ. ಕಂದು ಬಣ್ಣದ ಪುಡಿ, ಎರಡು ಪೊಟ್ಟಣ ಕೊಟ್ಟ. "ಸಿಹಿದಾಗ ಕಲಿಸಿ ಕೊಡವ್ವ, ಗೊತ್ತಾಗೂದಿಲ್ಲ. ತಾಸಿನಾಗ ಗುಣ ತೋರಸ್ತೈತಿ" ಎಂದ. ಬೇರಿನ ಪುಡಿ, ಕೆಡುಕು ಏನಾದೀತು ಎಂದುಕೊಂಡೆ. ಬಿ.ಎಡ್. ಮಾಡಿದವಳು ನಾನು.

ಹುಣ್ಣಿಮೆಯ ಹಿಂದಿನ ದಿನ ಅವ್ವ ಬುತ್ತಿಯ ಅಡಿಗೆಗೆ ನಿಂತಳು. ಹೊಸ ಬೀಗರ ಹೊಲದಲ್ಲಿ ಮೊದಲ ಸೀಗೆ ಹುಣ್ಣಿಮೆ. ಬೆಳೆ ಬಸುರಾದ ಭೂಮಿತಾಯಿಗೆ ಬಯಕೆಯ ಊಟ ಕೊಡುವ ಹಬ್ಬಕ್ಕೆ ಸೊಸೆಯಾಗುವವಳ ಮನೆಯ ಬುಟ್ಟಿ ಸಣ್ಣದಾಗಬಾರದು. ಪುಂಡಿಪಲ್ಲೆ, ಎಣ್ಣೆಗಾಯಿ, ಸಜ್ಜೆರೊಟ್ಟಿ, ಶೇಂಗಾಹೋಳಿಗೆ. ಕಡಬು ಮಾತ್ರ ನಾನೇ ಮಾಡುತ್ತೇನೆ ಎಂದೆ. ಇಪ್ಪತ್ತೊಂದು ಕಡಬು. ಇಪ್ಪತ್ತಕ್ಕೆ ಬರೀ ಹೂರಣ. ಒಂದರಲ್ಲಿ ಹೂರಣದ ಜೊತೆ ಒಂದು ಪೊಟ್ಟಣ ಪುಡಿ. ಅದರ ಅಂಚನ್ನು ಎಲ್ಲಕ್ಕಿಂತ ಸಣ್ಣ ಮುರಿಗೆ ಹಾಕಿ ಚೆಂದ ಮಾಡಿದೆ, ನಿಮಗಲ್ಲವೇ ಎಂದು. ಗುರುತಿಗೆ ನಡುವೆ ಒಂದು ಲವಂಗ ಚುಚ್ಚಿದೆ.

ಈಗ ನಿಮಗೆ ತಿಳಿದಿರಬೇಕು. ಬಾವಿಯ ಕಟ್ಟೆಯ ಮೇಲೆ ಕೂತು ಓದುತ್ತಿದ್ದರೆ ದಯಮಾಡಿ ಇಳಿದು ನೆಲದ ಮೇಲೆ ಕೂತು ಮುಂದೆ ಓದಿ.

ಹುಣ್ಣಿಮೆಯ ದಿನ ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಅವ್ವ, ನಾನು ನಿಮ್ಮೂರು ಮೊರಬಕ್ಕೆ ಬಂದಾಗ ಹತ್ತು ಗಂಟೆ. ಮಶಾಕಸಾಬ ಟ್ರ್ಯಾಕ್ಟರ್ ತಂದಿದ್ದರು. ನಿಮ್ಮ ಹೊಲ ಉಳುವ ಆ ಮನುಷ್ಯ ದಾರಿಯುದ್ದಕ್ಕೂ ನಿಮ್ಮ ಅಪ್ಪನನ್ನು ಹೊಗಳಿದರು. ಹೊಲದಲ್ಲಿ ಹತ್ತಿ ಕಾಯಿ ಹಿಡಿದಿತ್ತು. ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಅತ್ತೆ ಪೂಜೆಗೆ ಅಣಿ ಮಾಡುತ್ತಿದ್ದರು. ನೀವು ಅಲ್ಲಿ ಇರಲಿಲ್ಲ. ದೂರದ ಬದುವಿನ ಮೇಲೆ ನಿಂತಿದ್ದಿರಿ. ಬುಟ್ಟಿಯನ್ನು ಗಿಡದ ಕೆಳಗೆ ಇಟ್ಟು ನಾನು ನಿಮ್ಮ ಕಡೆ ಬಂದೆ. ಬುಟ್ಟಿಯನ್ನು ಬಿಟ್ಟು ಬರಬಾರದಿತ್ತು. ನಿಮ್ಮ ಕೈಗೆ ನಾನೇ ಕಡಬು ಕೊಡುತ್ತೇನೆ, ಅಲ್ಲಿಯವರೆಗೆ ಬುಟ್ಟಿ ಯಾರೂ ಬಿಚ್ಚುವುದಿಲ್ಲ ಎಂದುಕೊಂಡಿದ್ದೆ. ನಿಮ್ಮ ಮನೆಯ ಪದ್ಧತಿ ನನಗೆ ಗೊತ್ತಿರಲಿಲ್ಲ.

ಬದುವಿನ ಮೇಲೆ ನೀವು ಹೇಳಿದ ಮಾತು ನಿಮಗೆ ನೆನಪಿದೆ. "ನಿನ್ನೆ ಅಪ್ಪಗ ಎಲ್ಲಾ ಹೇಳೀನಿ. ನಾ ಲಗ್ನಕ್ಕ ಲಾಯಕ್ಕಿಲ್ಲ, ಈ ಸಂಬಂಧ ಬ್ಯಾಡ ಅಂದೆ. ಅಪ್ಪ ಒಂದ ಮಾತೂ ಆಡಲಿಲ್ಲ. ಎದ್ದು ದನದ ಮನಿಗೆ ಹೋದ. ಉಣ್ಣಲಿಲ್ಲ." ಹೀಗೆ ಹೇಳಿ ಮುಖ ತಿರುಗಿಸಿದಿರಿ. ನಾನು ಅಳುತ್ತ ವಾಪಸು ಬಂದೆ. ಇವತ್ತೇ ಆ ಕಡಬು ತಿನ್ನಿಸಿ ಇವರ ಬಾಯಿ ಮುಚ್ಚಿಸುತ್ತೇನೆ ಎಂಬ ಹಟವೂ ಇತ್ತು.

ಅಷ್ಟರಲ್ಲಿ ಪೂಜೆ ಮುಗಿದಿತ್ತು. ಅತ್ತೆ ನನ್ನ ಬುಟ್ಟಿ ಬಿಚ್ಚಿದ್ದರು. ಕಡಬುಗಳಲ್ಲಿ ಒಂದಕ್ಕೆ ಮಾತ್ರ ಲವಂಗ ಚುಚ್ಚಿದ್ದು, ಒಂದಕ್ಕೆ ಮಾತ್ರ ಸಣ್ಣ ಮುರಿಗೆ ಹಾಕಿದ್ದು ಕಂಡು ಅವರಿಗೆ ಎಷ್ಟು ಹಿಗ್ಗಾಗಿತ್ತೆಂದರೆ ಬಂದ ಹೆಂಗಸರಿಗೆಲ್ಲ ತೋರಿಸಿದ್ದರು. "ನೋಡ್ರಿ ನನ್ನ ಸೊಸಿ! ದೇವರ ಪಾಲು ಬ್ಯಾರೇನ ಮಾಡಿ ಗುರುತು ಹಾಕಿ ತಂದಾಳ. ಯಾರು ಹೇಳಿಕೊಟ್ಟಾರೋ ಇದಕ್ಕ!" ಎಂದರು ನನ್ನನ್ನು ಕಂಡು. ಆ ಕಡಬನ್ನು ಐದು ಕಲ್ಲಿಗೆ ಎಡೆ ಹಿಡಿದಿದ್ದರು. ಹೊಸ ಬೀಗರ ಬುತ್ತಿಯ ಎಡೆಯನ್ನು ಮೊದಲು ಮನೆಯ ಹಿರಿಯ ತಿನ್ನಬೇಕು, ಆಮೇಲೆ ಉಳಿದವರ ಊಟ. ಅದು ನಿಮ್ಮ ಮನೆಯ ಪದ್ಧತಿಯಂತೆ. ನಾನು ಬರುವಷ್ಟರಲ್ಲಿ ಮಾವ ಗಿಡದ ಬುಡಕ್ಕೆ ಒರಗಿ ಕೂತು, ಲವಂಗವನ್ನು ಕಿತ್ತು ಬದಿಗಿಟ್ಟು, ಕಡಬಿನ ಅರ್ಧ ತಿಂದಿದ್ದರು. "ಬಾರವ್ವ ಅಮೃತಾ, ಇಲ್ಲಿ ಬಾಜು ಕುಂದ್ರು" ಎಂದರು.

ಒಂದು ಮಾತು ಸಾಕಿತ್ತು. ಮಾವ, ಅದನ್ನು ಬಿಡಿ, ಅದರಲ್ಲಿ ನೊಣ ಬಿದ್ದಿದೆ ಎಂದರೂ ಸಾಕಿತ್ತು. ಆಡಲಿಲ್ಲ. ಅವರು ಏನೋ ಬೆಳೆಯ ವಿಷಯ ಮಾತಾಡಿದರು, ಹತ್ತಿಯ ಬಗ್ಗೆ. ನಾನು ಹೂಂ ಎಂದೆ. ನನಗೆ ಆ ಸಿನಿಮಾದ ಮುದುಕ ನೆನಪಾದ. ಲಾಡು ತಪ್ಪಿ ಹುಡುಗನ ಕಾಕಾನ ಹೊಟ್ಟೆಗೆ ಹೋಗಿ, ಅವನು ದಿಬ್ಬಣದ ಕುದುರೆ ಹತ್ತಿ ಕುಣಿದದ್ದು, ಥಿಯೇಟರಿನಲ್ಲಿ ಜನ ಸೀಟಿ ಹೊಡೆದದ್ದು. ಹೆಚ್ಚೆಂದರೆ ಮಾವನಿಗೂ ಇವತ್ತು ಹುರುಪು ಬಂದೀತು ಎಂದುಕೊಂಡು ನಕ್ಕೆ. ನೀವು ಆಗ ಬದುವಿನಿಂದ ಬರುತ್ತಿದ್ದಿರಿ. ನನ್ನ ನಗು ನೋಡಿದಿರಿ. ನಿಮ್ಮ ಮುಖ ಹೇಗಾಯಿತೆಂದು ನಾನೂ ನೋಡಿದೆ. ಈಗಷ್ಟೇ ಮದುವೆ ಬೇಡ ಎಂದವನ ಅಪ್ಪನ ಪಕ್ಕದಲ್ಲಿ ಕೂತು ನಗುತ್ತಿದ್ದಾಳೆ ಎಂದು ನೀವು ತಿಳಿದಿರಬೇಕು.

ಊಟವಾಯಿತು. ಮಾವ ಚರಗದ ಬುಟ್ಟಿ ಹಿಡಿದು ಹೊಲದ ಸುತ್ತ ಅನ್ನ ಚೆಲ್ಲುತ್ತ ನಡೆದರು. ಮೂರು ಬದು ದಾಟಿದವರು ನಾಲ್ಕನೆಯದರ ಹತ್ತಿರ ನಿಂತುಬಿಟ್ಟರು. ಎದೆ ಹಿಡಿದಂತಾಗುತ್ತದೆ, ಗುಳಿಗೆ ತಾ ಎಂದರು. ಅವರಿಗೆ ಹೃದಯದ ತೊಂದರೆ ಇತ್ತು ಎಂದು ಎಲ್ಲರಿಗೂ ಗೊತ್ತಿತ್ತು. ನಡೆದು ದಣಿದಾಗ ಹೀಗೆ ಆಗುತ್ತಿತ್ತು, ನಾಲಗೆಯ ಕೆಳಗೆ ಗುಳಿಗೆ ಇಟ್ಟುಕೊಂಡರೆ ಕಡಿಮೆಯಾಗುತ್ತಿತ್ತು. ಅವರ ಅಂಗಿ ಗಿಡಕ್ಕೆ ತೂಗುಹಾಕಿತ್ತು. ನಾನು ಓಡಿದೆ. ಕಿಸೆಯಿಂದ ಗುಳಿಗೆ ತಂದು ನಾನೇ ಅವರ ನಾಲಗೆಯ ಕೆಳಗೆ ಇಟ್ಟೆ. "ಪುಣ್ಯಾತ್ಗಿತ್ತಿ" ಎಂದರು ನನಗೆ. ಅವರ ಕೊನೆಯ ಮಾತು ಅದು. ಐದು ನಿಮಿಷದಲ್ಲಿ ಕುತ್ತಿಗೆ ವಾಲಿತು. ಮಶಾಕಸಾಬ ಟ್ರ್ಯಾಕ್ಟರ್ ಓಡಿಸಿದ್ದು, ನೀವು ಟ್ರೇಲರಿನಲ್ಲಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತದ್ದು, ನವಲಗುಂದ ಮುಟ್ಟುವ ಮೊದಲೇ ಎಲ್ಲ ಮುಗಿದದ್ದು ನಿಮಗೇ ಗೊತ್ತು. ಹಾರ್ಟ್ ಅಟ್ಯಾಕ್ ಎಂದರು. ಯಾರೂ ಬೇರೆ ಪ್ರಶ್ನೆ ಕೇಳಲಿಲ್ಲ.

ಮರುದಿನ ಅವರನ್ನು ಕೂರಿಸಿ, ವಿಭೂತಿ ಹಚ್ಚಿ, ಭಜನೆಯವರು ಬಂದು ಹಾಡಿದರು. ನಾನು ಕಾಲು ಮುಟ್ಟಿದೆ. ಓಣಿಯ ಹೆಂಗಸರು ನನಗೆ ಕೇಳುವಂತೆಯೇ ಆಡಿಕೊಂಡರು, ಹೊಸ ಸೊಸೆ ಹೊಲದಲ್ಲಿ ಕಾಲಿಟ್ಟಳು, ಯಜಮಾನ ಹೋದ ಎಂದು. ಅತ್ತೆ ಆ ದುಃಖದಲ್ಲೂ ಅವರ ಮೇಲೆ ಹರಿಹಾಯ್ದರು. "ನನ್ನ ಸೊಸಿಗೆ ಯಾರೂ ಏನೂ ಅನಬ್ಯಾಡ್ರಿ. ಅಕಿ ಮಾಡಿದ್ದು ತಿಂದು, ಅಕಿ ಕೈಲೆ ಗುಳಿಗಿ ತಗೊಂಡು ಹೋಗ್ಯಾರ" ಎಂದರು. ಆ ಮಾತನ್ನು ಅವರು ಹೇಳಿದ್ದು ನನ್ನನ್ನು ಕಾಪಾಡಲು. ದಿನಕ್ಕೆ ನೂರು ಸಲ ಅದು ನನ್ನ ಕಿವಿಯಲ್ಲಿ ಕೇಳುತ್ತದೆ.

ಅಲ್ಲಿಯವರೆಗೆ ನನಗೂ ಪೂರ್ತಿ ಗೊತ್ತಿರಲಿಲ್ಲ, ಸಂಶಯವಿತ್ತು. ಮೂರು ವಾರದ ಹಿಂದೆ ಉಳಿದ ಪೊಟ್ಟಣ ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿ ಹೃದಯದ ಡಾಕ್ಟರ್ ಒಬ್ಬರನ್ನು ಕಂಡೆ. ಕಾಕಾ ಒಬ್ಬರು ಇದನ್ನು ತಿನ್ನುತ್ತಾರೆ, ಅವರಿಗೆ ನಾಲಗೆಯ ಕೆಳಗಿಡುವ ಗುಳಿಗೆಯೂ ಇದೆ ಎಂದು ಕಥೆ ಕಟ್ಟಿದೆ. ಆಕೆ ಕೂತಲ್ಲಿಂದ ಎದ್ದೇಬಿಟ್ಟರು. ಇಂಥ ಪುಡಿಗಳಲ್ಲಿ ಗಂಡಸರ ಇಂಗ್ಲಿಷ್ ಗುಳಿಗೆಯನ್ನೇ ಅರೆದು ಬೆರೆಸಿರುತ್ತಾರಂತೆ. "ಅದು ಹೊಟ್ಟ್ಯಾಗಿದ್ದಾಗ ಈ ಗುಳಿಗಿ ಇಟ್ಟರ ಬಿ.ಪಿ. ಒಮ್ಮೆಲೇ ಇಳದು ಮನಿಷಾ ಉಳಿಯೂದಿಲ್ಲ. ಮೊದಲ ಹೋಗಿ ನಿಮ್ಮ ಕಾಕಾಗ ಹೇಳ್ರಿ" ಎಂದರು. ಪರೀಕ್ಷೆ ಮಾಡದೆ ಖಾತ್ರಿ ಹೇಳಲಾಗದು ಎಂದೂ ಅಂದರು. ನನಗೆ ಅಷ್ಟು ಖಾತ್ರಿ ಸಾಕು. ಕಡಬು ನನ್ನದು, ಗುಳಿಗೆ ಇಟ್ಟ ಕೈಯೂ ನನ್ನದು.

ಆ ಡಾಕ್ಟರ ಮನೆಯಿಂದ ನೇರ ಮೊರಬದ ಬಸ್ ಹತ್ತಬೇಕಿತ್ತು. ಹತ್ತಲಿಲ್ಲ. ನೀವು ನಿಮ್ಮ ಮೇಲೆ ತಪ್ಪು ಹೊತ್ತುಕೊಂಡಿದ್ದೀರಿ ಎಂದು ಕಾಕಾನ ಬಾಯಿಂದ ಕೇಳಿದ ಮೇಲೂ ಹತ್ತಲಿಲ್ಲ. ಹಾಗೆಂದುಕೊಳ್ಳಲಿ, ಕಾಲ ಹೋದಂತೆ ಮರೆಯುತ್ತಾರೆ ಎಂದುಕೊಂಡೆ. ನಾನು ಎಂಥವಳು ಎಂದು ನಿಮಗೆ ತಿಳಿಯಬೇಕಲ್ಲ, ಅದಕ್ಕೆ ಇದನ್ನೂ ಬರೆದಿದ್ದೇನೆ. ಬಾವಿಯ ಕಟ್ಟೆ ಎಂಬ ಮಾತು ಅತ್ತೆಯ ಬಾಯಿಂದ ಬರದಿದ್ದರೆ ಈ ಪತ್ರವೂ ಬರುತ್ತಿರಲಿಲ್ಲವೇನೋ.

ಶನಿವಾರ ಮೊದಲ ಬಸ್ಸಿಗೆ ಮೊರಬಕ್ಕೆ ಬರುತ್ತೇನೆ. ಅತ್ತೆಗೆ ನಾನೇ ಎದುರು ಕೂತು ಹೇಳಬೇಕು, ಅಲ್ಲಿಯವರೆಗೆ ನೀವು ಹೇಳಬೇಡಿ. ಆಮೇಲೆ ಈ ಪತ್ರವನ್ನು ಸಿದ್ದರಾಮ ಕಾಕಾಗೆ ಕೊಡಿ, ಠಾಣೆಗೆ ಕೊಡಿ, ನಿಮ್ಮ ಇಷ್ಟ. ಉಳಿದ ಪೊಟ್ಟಣವನ್ನು ಎಸೆದಿಲ್ಲ, ಜೊತೆಗೆ ತರುತ್ತೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. ಆರಿಸಿದ ಸೀರೆಗಳನ್ನು ಅವಳು ದಿನವೂ ಮಡಿಚಿಡುತ್ತಾಳೆ. ಕ್ಷಮಿಸಿ ಎಂದು ಬರೆಯುವುದಿಲ್ಲ. ಅದು ಎಷ್ಟು ಸಣ್ಣ ಮಾತು ಎಂದು ಬರೆಯಹೋದಾಗ ತಿಳಿಯಿತು. ನೀವು ಕಟ್ಟೆಯಿಂದ ಇಳಿದು, ಗ್ಯಾರೇಜಿನ ಬಾಗಿಲು ತೆಗೆದು, ಹೊರಗೆ ನಿಂತ ಆ ಎರಡು ಟ್ರ್ಯಾಕ್ಟರ್ ನೋಡಿದರೆ ಸಾಕು. ನನ್ನನ್ನು ಬೈಯುತ್ತಲೇ ನೋಡಿ.

ಇಂತಿ,
ಅಮೃತಾ
(ರೂಢಿಯಂತೆ 'ನಿಮ್ಮ' ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದೆ.)

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ಸ್ಪೀಡ್ ಪೋಸ್ಟಿನವರು ನಾಲ್ಕಕ್ಕೆ ಮುಚ್ಚುತ್ತಾರೆ, ಬೇಗ ಬರೆಯಬೇಕು.

ಮಾವ ಬೆಳೆಯ ವಿಷಯ ಮಾತಾಡಿದರು ಎಂದು ಮೇಲೆ ಬರೆದದ್ದು ಸುಳ್ಳು. ನೀವು ನನ್ನನ್ನು ಪೂರ್ತಿ ದ್ವೇಷಿಸಲಿ, ಎಲ್ಲೂ ಒಂದು ಬಾಗಿಲು ತೆರೆದಿರುವುದು ಬೇಡ ಎಂದು ಹಾಗೆ ಬರೆದೆ. ಆದರೆ ಅವರು ಹೇಳಿದ್ದು ನನಗಲ್ಲ, ನಿಮಗೆ. ನಿಮ್ಮ ಮುಂದಿನ ಬಾಳಿಗೆ, ನಾನಿಲ್ಲದ ಬಾಳಿಗೆ ಅದು ಬೇಕು.

ಅವರು ನನ್ನ ಮುಖ ನೋಡಲಿಲ್ಲ, ಹತ್ತಿಯ ಕಡೆ ನೋಡುತ್ತ ಹೇಳಿದರು: "ಗೌರ್ಯಾ ನನಗೆಲ್ಲಾ ಹೇಳ್ಯಾನವ್ವ. ಅಂವಗ ಹೇಳು, ನನಗೂ ಹಂಗ ಆಗಿತ್ತು. ಲಗ್ನಾಗಿ ಎಂಟು ತಿಂಗಳು. ನಿಮ್ಮತ್ತಿ ಒಂದ ದಿನಾ ನಗಲಿಲ್ಲ, ಒಂದ ಔಷಧ ತರಲಿಲ್ಲ, ಬಾಜು ಕುಂತು ಅದೂ ಇದೂ ಮಾತಾಡತಿದ್ದಳು, ಅಷ್ಟ. ತನ್ನಷ್ಟಕ್ಕ ತಾನ ಸರಿ ಹೋತು. ನಿನ್ನೆ ಅಂವನ ಮುಂದ ಹೇಳಬೇಕಂತ ಬಾಯಿಗೆ ಬಂತು, ಮಗನ ಮುಂದ ಹೆಂಗ ಹೇಳಲಿ ಅಂತ ನಾಚಿ ಎದ್ದು ಹೋದೆ. ನೀ ಹೇಳವ್ವ. ಲಗ್ನ ನಿಲ್ಲಿಸಬ್ಯಾಡ್ರಿ."

ಕಡಬಿನ ಇನ್ನರ್ಧ ಅವರ ಕೈಯಲ್ಲೇ ಇತ್ತು. ನನಗೆ ಅದು ಕಾಣಿಸಲೇ ಇಲ್ಲ. ಸಿನಿಮಾ ನೆನಪಾಗಲಿಲ್ಲ, ಯಾವ ಮುದುಕನೂ ನೆನಪಾಗಲಿಲ್ಲ. ಡಿಸೆಂಬರಿನಲ್ಲಿ ಮದುವೆ ಇದೆ, ಎಂಟು ತಿಂಗಳಲ್ಲ ಎಂಟು ವರ್ಷ ಬೇಕಾದರೂ ಬಾಜು ಕೂತು ಮಾತಾಡುತ್ತೇನೆ ಎಂದುಕೊಂಡೆ. ಬದುವಿನ ಮೇಲಿಂದ ನೀವು ಬರುತ್ತಿದ್ದಿರಿ. ನೀವು ಕಂಡ ಆ ನಗು ನಿಮ್ಮನ್ನು ನೋಡಿ ನಕ್ಕದ್ದು, ಸಂತೋಷಕ್ಕೆ.

ನಾನು ಮತ್ತೆ ಈ ಕಡೆ ತಿರುಗಿದಾಗ ಮಾವ ಕೈ ಕೊಡವಿಕೊಳ್ಳುತ್ತಿದ್ದರು. ಕಡಬು ಮುಗಿದಿತ್ತು.